ಎರಡನೆಯ ಛತ್ರಿ

ಗಿರಣಿ ಅಕ್ಕನ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಹಿಟ್ಟಿನಿಂದ ಸದಾ ಬೆಳ್ಳಗಿರುತ್ತಿದ್ದವು. ಆ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಅವರ ತುಟಿಯೂ ಅದೇ ಬಣ್ಣಕ್ಕೆ ತಿರುಗಿತು. ನಾನು ಡಬ್ಬಿ ಹಿಡಿದು ಸರದಿಯಲ್ಲಿ ನಿಂತಿದ್ದೆ. ಯಾರದೋ ಜೋಳದ ಬುಟ್ಟಿಯನ್ನು ಎತ್ತಿ ಗಿರಣಿಯ ಬಾಯಿಗೆ ಸುರಿಯುತ್ತಿದ್ದ ಅಕ್ಕ ನಡುವೆಯೇ ನಿಂತರು, ಎದೆಯ ಮೇಲೆ ಕೈ ಇಟ್ಟುಕೊಂಡರು, ಓಡುತ್ತಿದ್ದ ಬೆಲ್ಟಿನ ಮಗ್ಗುಲಲ್ಲೇ ಕುಸಿದರು. ಒಂದು ಗೇಣು ಆಚೆ ಬಿದ್ದಿದ್ದರೆ ಸೆರಗು ಬೆಲ್ಟಿಗೆ ಸಿಗುತ್ತಿತ್ತು. ಆ ಒಂದು ಗೇಣನ್ನು ನಾನು ಇವತ್ತಿಗೂ ಅಳೆಯುತ್ತಿರುತ್ತೇನೆ.

ತಾವರಗೇರಾದ ಪಿಯು ಕಾಲೇಜಿನಲ್ಲಿ ಆಗ ಇತಿಹಾಸ ಕಲಿಸುತ್ತಿದ್ದೆ. ಕೊಪ್ಪಳ ಬೇರೆ ಜಿಲ್ಲೆಯಾಗಿ ಹತ್ತು ವರ್ಷದ ಮೇಲಾಗಿತ್ತು. ಊರಿನಲ್ಲಿ ನನ್ನವರು ಎನ್ನುವವರು ಯಾರೂ ಇರಲಿಲ್ಲ. ಗಿರಣಿಯ ಹಿಂದೆ ಎರಡು ಕೋಣೆ. ಒಂದರಲ್ಲಿ ಅಕ್ಕ, ಇನ್ನೊಂದರಲ್ಲಿ ಬಾಡಿಗೆಗೆ ನಾನು.

ಮೋಟಾರಿನ ಸದ್ದಿನಲ್ಲಿ ಕೂಗಿ ಕೂಗಿ ಅಕ್ಕನಿಗೆ ಅದೇ ರೂಢಿಯಾಗಿತ್ತು. "ಚಾ ಕುಡೀತೀರೇನ್ರಿ ಮೇಡಂ?" ಎಂದರೂ ಜಗಳಕ್ಕೆ ಕರೆದಂತಿರುತ್ತಿತ್ತು. 'ನನ್ನ ಗೋದಿಯಲ್ಲಿ ಆಕೆಯ ಸಜ್ಜಿ ಬಿತ್ತು' ಎಂದು ಹೆಂಗಸರು ಕಿತ್ತಾಡಿದರೆ, "ಹೊಟ್ಯಾಗ ಹೋದ ಮ್ಯಾಲ ಎಲ್ಲಾ ಒಂದ ಯವ್ವಾ, ಸುಮ್ಮ ನಿಂದರ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಸಂಜೆ ಮೋಟಾರು ನಿಂತ ಮೇಲೆ ದನಿ ಇಳಿಯುತ್ತಿತ್ತು. ಆಗ ಕೇಳಲು ಯಾರೂ ಇರುತ್ತಿರಲಿಲ್ಲ.

ಅವರ ಗಂಡ ಗಿರಣಿಗೆ ಹೊಸ ಕಲ್ಲು ತರುತ್ತೇನೆಂದು ಗಂಗಾವತಿಗೆ ಹೋದವನು ತಿರುಗಿ ಬಂದಿರಲಿಲ್ಲ. ಗಂಡನ ಹೆಸರು ಹೇಳಬಾರದೆಂಬ ರೂಢಿಯನ್ನು ಅಕ್ಕ ಬಿಟ್ಟಿರಲಿಲ್ಲ. 'ನಮ್ಮ ಮನಿಯವರು' ಎನ್ನಲೂ ಬಾಯಿ ಬರುತ್ತಿರಲಿಲ್ಲ. ಹಾಗಾಗಿ ಆತ 'ಛತ್ರಿ'. "ಈ ಬಾಗಲಾ ಆ ಛತ್ರಿ ಹಚ್ಚಿಸಿದ್ದರಿ" ಎನ್ನುತ್ತಿದ್ದರು. ಮೋಸಗಾರ ಎಂಬ ಅರ್ಥದ ಬೈಗುಳವೇ. ಆದರೆ ಕಾವು ಆರಿ ಅದೇ ಆತನ ಹೆಸರಾಗಿಬಿಟ್ಟಿತ್ತು.

ವರ್ಷಗಳಿಂದ ಅವರಿಗೆ ಏದುಸಿರು. ಹಿಟ್ಟಿನ ಧೂಳು ಎದೆಯಲ್ಲಿ ಕೂತಿದೆ ಎಂದು ಊರೆಲ್ಲ ಹೇಳುತ್ತಿತ್ತು, ನಾನೂ ನಂಬಿದ್ದೆ. ಕುಸಿದು ಬಿದ್ದ ಆ ವಾರವೇ ಹುಬ್ಬಳ್ಳಿಗೆ ಕರೆದೊಯ್ದೆ. ಸ್ಕ್ಯಾನ್ ಮಾಡಿದ ಡಾಕ್ಟರು ಧೂಳಿನ ಮಾತೇ ಎತ್ತಲಿಲ್ಲ. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ತೂತಿದೆ, ಬಲಭಾಗ ಹಿಗ್ಗಿದೆ, ಇನ್ನೂ ತಡಮಾಡಿದರೆ ಮುಚ್ಚಲು ಬಾರದ ಹಂತಕ್ಕೆ ಹೋಗುತ್ತದೆ ಎಂದರು.

"ಎದಿ ಕೊಯ್ಯೂದು ಬ್ಯಾಡ. ಬೆಂಗಳೂರಾಗ ತೊಡಿ ನರದಾಗಿಂದ ಸಣ್ಣದೊಂದು ಮುಚ್ಚಳ ಒಳಗ ಒಯ್ದು ಕೂಡಸ್ತಾರ. ಛತ್ರಿ ಬಿಚ್ಚಿದಂಗ ಬಿಚ್ಚಿಕೊಂಡು ತೂತು ಮುಚ್ಚತೈತಿ."

ಅಕ್ಕ ನನ್ನ ಕಡೆ ತಿರುಗಿದರು. "ಎದಿಯಾಗ ಮತ್ತೊಂದು ಛತ್ರೀನ? ಒಂದು ಇಟ್ಕೊಂಡಿದ್ದು ಸಾಕಾಗಿಲ್ಲೇನ್ರಿ ಮೇಡಂ?"

ನಾವಿಬ್ಬರೂ ಏಕೆ ನಗುತ್ತಿದ್ದೇವೆಂದು ಡಾಕ್ಟರಿಗೆ ತಿಳಿಯಲಿಲ್ಲ.

ಊರಿಗೆ ಬಂದ ಮೇಲೆ ನಗು ಉಳಿಯಲಿಲ್ಲ. ದಿನವೂ ಸಂಜೆ ಬೆಂಗಳೂರಿಗೆ ಯಾವಾಗ ಎಂದು ನಾನು ಕೇಳುವುದು, ಅವರು "ಸುಗ್ಗಿ ಮುಗೀಲಿ ತಡೀರಿ" ಎನ್ನುವುದು. ಕೊನೆಗೆ ಒಂದು ಸಂಜೆ ಗಿರಣಿಯ ಸುತ್ತ ಬಿದ್ದ ಹಿಟ್ಟು ಗುಡಿಸುತ್ತ, ತಲೆ ಎತ್ತದೆ ಕೇಳಿದರು:

"ಅಲ್ಲೇ ಸತ್ತರ ಯಾರ್ ತರ್ತಾರ ನನ್ನ?"

"ನಾನ್ ತರ್ತೀನಿ."

"ಖರೇನ?"

"ಖರೇನ ಅಕ್ಕಾರ."

"ನನ್ನ ಬಾಜೂಕ ಕುಂತು ಬರ್ಬೇಕ ಮತ್ತ. ಮುಂದ ಡ್ರೈವರ್ ಕಡೆ ಅಲ್ಲ."

"ಬಾಜೂಕನ ಕುಂದರ್ತೀನಿ."

ಕಸಬರಿಗೆ ಗೋಡೆಗೆ ಒರಗಿಸಿದರು. "ಹಂಗಾದ್ರ ನಡ್ರಿ."

ಬೆಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್ ನನ್ನನ್ನು, "ನೀವು ಪೇಷೆಂಟ್‌ಗೆ ಏನಾಗ್ಬೇಕು?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಸ್ಟ್ರೆಚರಿನ ಮೇಲಿನಿಂದ ಗಿರಣಿಯ ದನಿ: "ನನ್ನ ತಂಗೀರಿ ಆಕಿ!" ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಾಗಿಲು ಮುಚ್ಚಿಕೊಂಡಿತು.

ಒಂದು ತಾಸಿನ ಕೆಲಸ ಎಂದಿದ್ದರು. ಅದು ಮೀರಿತು. ಹಸಿರು ಬಟ್ಟೆಯ ಎಳೆಯ ಡಾಕ್ಟರೊಬ್ಬರು ಹೊರಬಂದು, "ಮೊದಲನೇದು ಚಿಕ್ಕದಾಯ್ತು. ಸರಿಯಾಗಿ ಕೂರದೆ ಅಲುಗಾಡ್ತಿತ್ತು. ಪೂರ್ತಿ ಬಿಟ್ಟಿರಲಿಲ್ಲ, ವಾಪಸ್ ಎಳ್ಕೊಂಡ್ವಿ. ದೊಡ್ಡದು ಹಾಕ್ತಿದ್ದೀವಿ" ಎಂದು ಹೇಳಿ ಒಳಗೆ ಹೋದರು.

ಬಿಟ್ಟ ಮೇಲೆ ಜಾರಿದ್ದರೆ? ಮಾತು ಕೊಟ್ಟಿದ್ದೆನಲ್ಲ, ತರುವುದೆಂದರೆ ಹೇಗೆ? ಯಾವ ಗಾಡಿ, ಯಾರನ್ನು ಕೇಳುವುದು, ಊರು ಮುಟ್ಟಿದ ಮೇಲೆ ಯಾರ ಮನೆಯ ಬಾಗಿಲು ತಟ್ಟುವುದು? ಆ ಬೆಂಚಿನ ಮೇಲೆ ಕುಳಿತೇ ನಾನು ಆ ಪ್ರಯಾಣವನ್ನು ಪೂರ್ತಿ ಮಾಡಿದೆ. ಹೊಸಪೇಟೆ ದಾಟಿದೆ, ಕುಷ್ಟಗಿ ದಾಟಿದೆ. ದಾರಿಯುದ್ದಕ್ಕೂ ಅವರ ಬಾಜೂಕೇ ಕುಳಿತಿದ್ದೆ. ಈಗಲೂ ಒಮ್ಮೊಮ್ಮೆ ಆ ಗಾಡಿ ನನ್ನೊಳಗೆ ಹೊರಟುಬಿಡುತ್ತದೆ.

ಅಕ್ಕನಿಗೆ ಎಚ್ಚರವಾದಾಗ ತೊಡೆಗೆ ಪಟ್ಟಿ ಕಟ್ಟಿದ್ದರು, ಕಾಲು ಮಡಚುವಂತಿರಲಿಲ್ಲ. ನಡೆದದ್ದನ್ನು ಹೇಳಿದೆ.

"ಮೊದಲನೇ ಛತ್ರಿ ನಿಲ್ಲೂದು ನನ್ನ ಹಣ್ಯಾಗ ಬರದಿಲ್ಲ ಬಿಡ್ರಿ. ಎರಡನೇದು ಕುಂತೈತಿ?"

"ಕುಂತೈತಿ."

"ಓಡಿ ಹೋಗಂಗಿಲ್ಲಲ್ಲ?"

"ಇಲ್ಲ."

ನಗಲು ಹೋಗಿ ಅತ್ತರು.

ಊರಿಗೆ ಮರಳಿದ ಮೇಲೆ ಅವರು ಮಲಗಲಿಲ್ಲ. ಕೆಲವು ತಿಂಗಳು ಭಾರ ಎತ್ತಬಾರದು ಎಂದಷ್ಟೇ ಡಾಕ್ಟರು ಹೇಳಿದ್ದು. ಎಡಕ್ಕೆ ಹೊರಳಿದರೆ ಒಳಗಿನದು ಜಾರುತ್ತದೆಂದು ಅಕ್ಕ ತಾವೇ ತೀರ್ಮಾನಿಸಿ, ಗೋಡೆಗೆ ಬೆನ್ನು ಕೊಟ್ಟು ಕುಳಿತೇ ರಾತ್ರಿ ಕಳೆಯುತ್ತಿದ್ದರು. ಗೋಡೆಯ ಈಚೆ ನಾನು ಅವರ ಕೆಮ್ಮಿಗೆ, ಬಳೆಯ ಸದ್ದಿಗೆ ಕಿವಿಯಿಟ್ಟು ಎಚ್ಚರ. ಸದ್ದಾದರೂ ಹೆದರಿಕೆ, ಆಗದಿದ್ದರೂ ಹೆದರಿಕೆ.

ಗಿರಣಿ ಮುಚ್ಚಿತ್ತು. ಮೊದಮೊದಲು ನೋಡಲು ಬಂದ ಹೆಂಗಸರು ಬರಬರುತ್ತ ಬಾರದಾದರು. ಬುಟ್ಟಿ ಹೊತ್ತು ಬಸ್ ಸ್ಟ್ಯಾಂಡಿನ ಕಡೆಯ ಗಿರಣಿಗೆ ಹೋಗುವವರನ್ನು ಅಕ್ಕ ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದರು. ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ.

ತಿಂಗಳಾದ ಮೇಲೆ ತಪಾಸಣೆಗೆ ಮತ್ತೆ ಹುಬ್ಬಳ್ಳಿ. ಡಾಕ್ಟರು ಪರದೆಯಲ್ಲಿ ತೋರಿಸಿದರು. ಬಡಿತಕ್ಕೆ ಏಳುವ ಬೀಳುವ ಗೋಡೆ, ಅದರ ನಡುವೆ ಕದಲದೆ ಕುಳಿತ ಬಿಳಿ ಗೆರೆ. ಅಕ್ಕ ಅಂಜುತ್ತ ಕೇಳಿದರು:

"ಸಾಹೇಬ್ರ, ಎಡಕ್ಕ ಹೊಳ್ಳಿ ಮಲಗಬಹುದೇನ್ರಿ?"

"ಯವ್ವಾ, ಈಗ ನೀ ಯಾವ ಮಗ್ಗಲ ಮಲಗೀದಿ?"

ಸ್ಕ್ಯಾನಿಗೆಂದು ಅವರನ್ನು ಎಡಮಗ್ಗುಲಿಗೇ ಮಲಗಿಸಿದ್ದರು. ಅಷ್ಟು ಹೊತ್ತಿನಿಂದ ಹಾಗೇ ಇದ್ದರು. ಅಕ್ಕ ತಮ್ಮ ಭುಜ ನೋಡಿಕೊಂಡರು, ಪರದೆ ನೋಡಿದರು.

ಮರುದಿನ ಬೆಳಿಗ್ಗೆ ನಾನು ಹೊರಬಂದಾಗ ಅಕ್ಕನ ಬಾಗಿಲು ಮುಚ್ಚಿತ್ತು. ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಕೂಗಿದೆ. ಉತ್ತರವಿಲ್ಲ. ಎರಡೂ ಕೈಯಿಂದ ಬಾಗಿಲು ಬಡಿದೆ, "ಅಕ್ಕಾ, ಅಕ್ಕಾ" ಎಂದು ಓಣಿಗೆಲ್ಲ ಕೇಳುವಂತೆ ಅರಚಿದೆ. ಅಗಳಿ ಸರಿದ ಸದ್ದಾಯಿತು. ಕೆದರಿದ ಕೂದಲು, ಎಡಗೆನ್ನೆಯ ಮೇಲೆ ಚಾಪೆಯ ಗೆರೆಗಳು.

"ಏನಾತವಾ ತಂಗಿ, ಊರಿಗೆ ಬೆಂಕಿ ಬಿದ್ದಂಗ ಬಡೀತಿ! ಈಗರ ಕಣ್ಣು ಹತ್ತಿತ್ತು."

"ಈಗರ ಅಲ್ಲ ಅಕ್ಕಾರ. ಹೊತ್ತು ಎಲ್ಲಿಗೆ ಬಂದೈತಿ ನೋಡ್ರಿ."

ಅವರು ಅಂಗಳದ ಬಿಸಿಲು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. "ನೀನೂ ಈಗ ಎದ್ದೀ?"

ಆಗಲೇ ನನಗೆ ಹೊಳೆದದ್ದು. ಕಾಲೇಜಿನ ಮೊದಲ ಪಾಠದ ಹೊತ್ತು ಮೀರಿತ್ತು, ರಾತ್ರಿಯೆಲ್ಲ ನಾನೂ ಒಮ್ಮೆಯೂ ಎದ್ದಿರಲಿಲ್ಲ.