ಉಡಿ ತುಂಬದೆ ಕಳಿಸಿದ ದೆವ್ವ

ದೆವ್ವದ ಸಿನಿಮಾಗಳ ಎರಡನೇ ಭಾಗದ ಬಗ್ಗೆ ನನ್ನಷ್ಟು ತಿಳಿದವರು ಆ ಕಾಲದ ಚಿಕ್ಕೋಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಜಂಬ ಎಂದುಕೊಳ್ಳಬೇಡಿ. ಆ ಹುದ್ದೆಗೆ ಇನ್ನೊಬ್ಬರು ಅರ್ಜಿಯನ್ನೇ ಹಾಕಿರಲಿಲ್ಲ, ಅಷ್ಟೆ. ನಾನು ಕಾಲೇಜಿನಲ್ಲಿ ಕನ್ನಡ ಮಾಸ್ತರ. ಬೆಳಿಗ್ಗೆ ತರಗತಿಯಲ್ಲಿ ಹಳಗನ್ನಡ ಬಿಡಿಸಿ ಹೇಳುವುದು, ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಸಿನಿಮಾ ಬಿಡಿಸಿ ಹೇಳುವುದು. ಎರಡನೆಯದಕ್ಕೆ ಹಾಜರಿ ಹೆಚ್ಚಿರುತ್ತಿತ್ತು.

ಎಂಬತ್ತರ ದಶಕದ ಕೊನೆಯ ವರ್ಷಗಳು ಅವು. ಹಿಂದಿ ದೆವ್ವಗಳು ಮುಂಬೈಯಿಂದ ಹೊರಟು ಕೊಲ್ಹಾಪುರದಲ್ಲಿ ಕುಣಿದು, ನಿಪ್ಪಾಣಿಯಲ್ಲಿ ದಣಿದು, ಚಿಕ್ಕೋಡಿ ಮುಟ್ಟುವ ಹೊತ್ತಿಗೆ ಪ್ರಿಂಟು ಎಷ್ಟು ಸವೆದಿರುತ್ತಿತ್ತೆಂದರೆ ಬಿರುಬೇಸಗೆಯ ದೃಶ್ಯದಲ್ಲೂ ಪರದೆಯ ಮೇಲೆ ಮಳೆ ಹೊಯ್ಯುತ್ತಿತ್ತು. ಅಂಥದೊಂದು ಸಿನಿಮಾದ ಮೊದಲ ಭಾಗವನ್ನು ಅವ್ವನ ಜೊತೆ ನಿಪ್ಪಾಣಿಗೇ ಹೋಗಿ, ತಂಬಾಕಿನ ಘಾಟಿಗೆ ಇಬ್ಬರೂ ಸೀನುತ್ತ ನೋಡಿದ್ದೆವು. ಮದುವೆಯ ದಿನವೇ ಸತ್ತ ಹುಡುಗಿಯೊಬ್ಬಳು ಹಳೇ ವಾಡೆಯಲ್ಲಿ ದೆವ್ವವಾಗಿ ಕಾಡುತ್ತಾಳೆ. ಕೊನೆಗೆ ಮಾಂತ್ರಿಕನೊಬ್ಬ ಆಕೆಯನ್ನು ಬಾವಿಗೆ ತಳ್ಳಿ ಮೇಲೆ ಬಂಡೆ ಮುಚ್ಚುತ್ತಾನೆ. ಎರಡು ವರ್ಷದ ಮೇಲೆ ಒಂದು ಆಟೋರಿಕ್ಷಾ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಒದರುತ್ತ ನಮ್ಮ ಓಣಿಗೆ ಬಂತು. ಎರಡನೇ ಭಾಗ ಬಂದಿದೆಯಂತೆ.

ಸಿನಿಮಾ ನೋಡುವ ಮೊದಲೇ ಅದರ ಕಥೆಯನ್ನು ನಾನು ಸ್ಟಾಫ್ ರೂಮಿನಲ್ಲಿ ಹೇಳಿಬಿಟ್ಟೆ. ಇದು ಕಷ್ಟದ ಕೆಲಸವಲ್ಲ. ಮೊದಲ ಭಾಗದಲ್ಲಿ ದೆವ್ವ ಯಾರೆಂದು ಗೊತ್ತಿಲ್ಲದ್ದೇ ಭಯ. ಎರಡನೆಯದರಲ್ಲಿ ದೆವ್ವ ನಮ್ಮ ಪರಿಚಯಸ್ಥರು, ಹೆಚ್ಚುಕಡಿಮೆ ಬೀಗರಿದ್ದಂತೆ. ಹಾಗಾಗಿ ಯಾವಾಗ ಬರುತ್ತಾರೆ ಎನ್ನುವುದೇ ಭಯ. ಮೊದಲ ಭಾಗದಲ್ಲಿ ನಗಿಸಿ ಬದುಕುಳಿದ ಅಡುಗೆಯವನು ಎರಡನೆಯದರಲ್ಲಿ ಮೊದಲು ಸಾಯಬೇಕು, ಇಲ್ಲದಿದ್ದರೆ ಈ ಸಲ ತಮಾಷೆಯಲ್ಲ ಎಂದು ನಮಗೆ ತಿಳಿಯುವುದು ಹೇಗೆ? ದೆವ್ವವೇ ಇಲ್ಲ ಎನ್ನುವ ಡಾಕ್ಟರನೊಬ್ಬ ಹೊಸದಾಗಿ ಸೇರುತ್ತಾನೆ, ಅವನಿಗೆ ಇಂಟರ್‌ವಲ್ಲಿನ ತನಕ ಆಯುಷ್ಯ. ನವರಸಗಳಲ್ಲಿ ಭಯಾನಕವೊಂದಕ್ಕೇ ಹೀಗೆ ಬಾಕಿ ಉಳಿದುಕೊಳ್ಳುವ ಗುಣವಿದೆ, ಶೃಂಗಾರ ಮದುವೆಯಲ್ಲಿ ತೀರಿಹೋಗುತ್ತದೆ, ಎಂದೆಲ್ಲ ನಾನು ಹೇಳುವಾಗ ಇತಿಹಾಸದ ಮಾಸ್ತರರು ತಲೆದೂಗುತ್ತಿದ್ದರು.

ಕಥೆಯ ಕಟ್ಟಡವನ್ನು ಇಷ್ಟು ಚೆನ್ನಾಗಿ ಬಲ್ಲ ನನ್ನ ಮನೆಗೆ ಒಡಹುಟ್ಟಿದ ಅಕ್ಕ ನಾಲ್ಕು ವರ್ಷದಿಂದ ಕಾಲಿಟ್ಟಿರಲಿಲ್ಲ.

ಗೌರಕ್ಕನನ್ನು ಅಕ್ಕೋಳಕ್ಕೆ ಕೊಟ್ಟಿತ್ತು. ಅಪ್ಪ ಬೇಗ ತೀರಿಹೋದದ್ದರಿಂದ ಅವ್ವ ಹೊಲಕ್ಕೆ ಹೋದರೆ ನನ್ನನ್ನು ಬಗಲಲ್ಲಿ ಹೊತ್ತು ಬೆಳೆಸಿದವಳು ಅವಳೇ. ನನ್ನ ಮದುವೆ ಕಾಗವಾಡದಲ್ಲಿ, ಹೆಣ್ಣಿನ ಮನೆಯವರ ದ್ರಾಕ್ಷಿ ತೋಟದ ಪಕ್ಕದಲ್ಲಿ ನಡೆಯಿತು. ನಮ್ಮಲ್ಲಿ ಮದುಮಗನ ಅಕ್ಕ ಅಥವಾ ತಂಗಿ ಕಳಸ ಹಿಡಿದು ನಿಲ್ಲಬೇಕು. ಅವಳು ಕಳಸಗಿತ್ತಿ, ಅದು ಅವಳ ಹಕ್ಕು. ಅವತ್ತು ಬೆಳಗಿನ ಜಾವ ಅಕ್ಕನ ಮನೆಯ ಎಮ್ಮೆ ಈಯಿತು. ಬಸ್ಸು ತಪ್ಪಿತು. ಇತ್ತ ಮುಹೂರ್ತ ಸಮೀಪಿಸಿದಾಗ ಹಿರಿಯರು ನನ್ನ ಮುಖ ನೋಡಿದರು. ನಾನು ಬಾಸಿಂಗದ ಒಳಗಿನಿಂದಲೇ, "ಯಾರರೆ ಹಿಡೀರಿ, ಏನಾಗ್ತೈತಿ?" ಅಂದುಬಿಟ್ಟೆ. ಕಾಕಾನ ಮಗಳು ಹಿಡಿದಳು. ಅಕ್ಷತೆ ಬಿದ್ದು ಸ್ವಲ್ಪ ಹೊತ್ತಿಗೆ ಗೌರಕ್ಕ ಬಂದಳು. ಕೈಯಲ್ಲಿ ಗಿಣ್ಣದ ಹಾಲಿನ ಕ್ಯಾನು. ಯಾರೋ ನಾನು ಅಂದದ್ದನ್ನು ಅವಳ ಕಿವಿಗೆ ಹಾಕಿದರು. ಕ್ಯಾನನ್ನು ಅಡುಗೆಯವರ ಹತ್ತಿರ ಇಟ್ಟು, ಊಟ ಮಾಡದೆ, ತವರಿನವರಿಂದ ಮಡಿಲಿಗೆ ಉಡಿ ತುಂಬಿಸಿಕೊಳ್ಳದೆ ಮುಂದಿನ ಬಸ್ಸಿಗೆ ಹೊರಟುಹೋದಳು. ಸಿಟ್ಟು ಇಳಿದ ಮೇಲೆ ಬರುತ್ತಾಳೆ ಎಂದು ನಾನು ಎಲ್ಲರಿಗೂ ಧೈರ್ಯ ಹೇಳಿದೆ. ನಾಲ್ಕು ವರ್ಷ ಅದನ್ನೇ ಹೇಳುತ್ತಿದ್ದೆ.

ಇರಲಿ, ಸಿನಿಮಾಕ್ಕೆ ಬರೋಣ. ಮ್ಯಾಟಿನಿಗೆ ಅವ್ವನನ್ನು ಕರೆದುಕೊಂಡು ಹೋದೆ. ಅಡುಗೆಯವನು ನಾನು ಹೇಳಿದಂತೆಯೇ ಮೊದಲು ಸತ್ತ. ಡಾಕ್ಟರೂ ಬಂದ. ನಾನು ಬೀಗುತ್ತಿರುವಾಗ ಪರದೆಯ ಮೇಲೆ ನಾಯಕನ ಅಕ್ಕ ಬಂದಳು. ಮೊದಲ ಭಾಗದಲ್ಲಿ ಆ ಪಾತ್ರ ಮಾಡಿದ್ದ ನಟಿ ಇರಲಿಲ್ಲ, ಬೇರೆ ಯಾರೋ ಇದ್ದಳು.

"ಇಕಿ ಯಾರೋ?" ಅಂದಳು ಅವ್ವ.

"ನಾಯಕನ ಅಕ್ಕ ಬೇ. ನಟಿ ಬದಲಾಗ್ಯಾಳ, ಪಾತ್ರ ಅದ ಐತಿ."

"ಪಾತ್ರ ಅದ ಇದ್ರ ಮುಗೀತೇನು? ಆ ಮೊದಲಿನಾಕಿ ಎಲ್ಲಿ ಹೋದಳು ಅಂತ ತಮ್ಮ ಒಂದ ಸಲಾನೂ ಕೇಳವಲ್ಲ."

ಅಷ್ಟರಲ್ಲಿ ಬಾವಿಯ ಬಂಡೆ ಸರಿದು ದೆವ್ವ ಮೇಲೆ ಬಂತು. ಥಿಯೇಟರಿನಲ್ಲಿ ಚೀರಾಟ. ಅವ್ವ ಮಾತ್ರ ಲೊಚಗುಟ್ಟಿದಳು. "ಪಾಪ, ಮದಿಮಗಳಾಗಿ ಸತ್ತಾಕಿ. ಏನ ಬೇಕವ್ವಾ ನಿನಗ ಅಂತ ಒಬ್ಬರರೆ ಕೇಳ್ಯಾರೇನು? ಒಂದ ಖಣ, ಒಂದ ಕಾಯಿ ಇಟ್ಟು ಉಡಿ ತುಂಬಿ ಕಳಿಸಿದ್ರ ಯಾಕ ತಿರುಗಿ ಬರ್ತಿದ್ಲು?"

ಹಿಂದಿನ ಸಾಲಿನ ಹೆಂಗಸೊಬ್ಬಳು ಬಗ್ಗಿ, "ಖರೇ ಐತಿ ನೋಡ್ರಿ ಆಯಿ. ಬರಿಗೈಲೆ ಕಳಿಸ್ಯಾರ, ಬಂದಾಳ," ಅಂದಳು.

ಓದುಗರೇ, ನನ್ನ ಸಿದ್ಧಾಂತವೆಲ್ಲ ಅಲ್ಲಿಯೇ ಕುಸಿಯಿತು. ನಮ್ಮ ಕಡೆ ಯಾರ ಮೈಮೇಲಾದರೂ ದೆವ್ವ ಬಂತೆಂದರೆ ಹಿರಿಯರು ಅದರ ಎದುರು ಕುಳಿತು ಮೊದಲು ಕೇಳುವುದು, ನಿನಗೇನು ಬೇಕು ಎಂದು. ಅದು ಹಸಿರು ಸೀರೆ ಕೇಳುತ್ತದೆ, ಹೋಳಿಗೆ ಕೇಳುತ್ತದೆ. ಕೊಟ್ಟು, ಉಡಿ ತುಂಬಿ, ಊರ ಹೊರಗೆ ಬಿಟ್ಟು ಬರುತ್ತಾರೆ. ನಮ್ಮ ಅಜ್ಜಿ ಹೇಳುತ್ತಿದ್ದ ದೆವ್ವದ ಕಥೆಗಳೆಲ್ಲ ಹೀಗೇ ಮುಗಿಯುತ್ತಿದ್ದವು, ಅವಕ್ಕೆ ಎರಡನೇ ಭಾಗವೇ ಇರುತ್ತಿರಲಿಲ್ಲ. ಎರಡನೇ ಭಾಗ ಹುಟ್ಟುವುದು ಸಿನಿಮಾ ತೆಗೆಯುವವರ ಆಸೆಬುರುಕತನದಿಂದ ಎಂದು ನಾನು ತಿಳಿದಿದ್ದೆ. ಏನು ಬೇಕೆಂದು ಯಾರೂ ಕೇಳಲಿಲ್ಲವಲ್ಲ, ಅದರಿಂದ ಹುಟ್ಟುತ್ತದೆ ಎಂದು ಸಹಿ ಮಾಡಲು ಬಾರದ ಅವ್ವ, ಹೆಸರೂ ಗೊತ್ತಿಲ್ಲದ ಹೆಂಗಸೊಬ್ಬಳು ಸೇರಿ ಒಂದು ನಿಮಿಷದಲ್ಲಿ ತೀರ್ಪು ಕೊಟ್ಟಿದ್ದರು.

ಇಂಟರ್‌ವಲ್ಲಿನಲ್ಲಿ ಅವ್ವ ಶೇಂಗಾ ಸುಲಿಯುತ್ತ, ನನ್ನ ಕಡೆ ನೋಡದೆ, "ಗೌರಿನೂ ಬರೇ ಉಡಿಲೇ ಹೋಗ್ಯಾಳ," ಅಂದಳು. ನನಗೆ ನಾಚಿಕೆಯಾಯಿತು. ಮುಂದಿನ ಸಿನಿಮಾ ನನ್ನ ಕಣ್ಣೆದುರು ಓಡಿತೇ ಹೊರತು ನಾನು ನೋಡಲಿಲ್ಲ. ಮರುದಿನ ಸ್ಟಾಫ್ ರೂಮಿನಲ್ಲಿ ಉತ್ತರಾರ್ಧದ ಬಗ್ಗೆ ಹೇಳಿದ್ದೆಲ್ಲ ಊಹೆ. ಸರಿಯಾಗಿಯೇ ಇತ್ತಂತೆ.

ರವಿವಾರ ಅಕ್ಕೋಳಕ್ಕೆ ಹೋದೆ. ಪೇಟೆಯಲ್ಲಿ ಕುಪ್ಪಸದ ಖಣ, ಕಾಯಿ, ಅಕ್ಕಿ, ಉತ್ತತ್ತಿ, ಅರಿಷಿಣ ಬೇರು ಎಲ್ಲ ಕೊಂಡು ಚೀಲಕ್ಕೆ ತುಂಬಿದ್ದೆ. ಗೌರಕ್ಕ ಎಮ್ಮೆ ಮೈ ತೊಳೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ನಾಲ್ಕು ವರ್ಷ ಹೊಂದಿಸಿಟ್ಟಿದ್ದ ಮಾತುಗಳೆಲ್ಲ ಮರೆತು ನಾನು, "ಏನ ಬೇಕಕ್ಕ ನಿನಗ?" ಅಂದೆ.

"ಏನಲೇ, ದೆವ್ವಕ್ಕ ಕೇಳಿದಂಗ ಕೇಳಾಕತ್ತೀ?"

ಗಾಬರಿಯಲ್ಲಿ ಚೀಲ ತೆಗೆದು ಖಣ, ಕಾಯಿ ಮುಂದೆ ಹಿಡಿದೆ. ಅವಳು ನೋಡಿದಳು, ಒದ್ದೆ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು. "ಗಂಡಸೂರು ಉಡಿ ತುಂಬತಾರೇನೋ ಹುಚ್ಚ ಮಾಸ್ತರ! ಅದೂ ಎಮ್ಮಿ ಮುಂದ!" ನಗುತ್ತ ನಗುತ್ತಲೇ ಅವಳ ಕಣ್ಣು ತುಂಬಿತು. "ತಡಾ ಆದದ್ದು ನಂದ ತಪ್ಪು ಅಂತ ಅನ್ನು. ಆದ್ರ ಯಾರರೆ ಹಿಡೀರಿ ಅಂದೆಲ್ಲೋ ತಮ್ಮಾ. ನಾ ನಿನಗ ಯಾರರೆ ಏನೋ?"

"ತಪ್ಪಾತಕ್ಕ," ಅಂದೆ. ಅವಳು ಚೀಲವನ್ನು ನನಗೇ ವಾಪಸು ಕೊಟ್ಟಳು. "ಒಯ್ಯಿ. ನಿನ್ನ ಹೇಣ್ತಿ ಕೈಲೆ ತುಂಬಿಸು. ಮುಂದಿನ ರವಿವಾರ ಬರ್ತೀನಿ."

ಬಂದಳು. ಒಂಬತ್ತರ ಬಸ್ಸಿಗೆ. ನನ್ನ ಹೆಂಡತಿ ಮಣೆ ಹಾಕಿ ಕೂರಿಸಿ, ಕುಂಕುಮ ಹಚ್ಚಿ ಉಡಿ ತುಂಬಿದಳು. ಅವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನೋಡಿದಳು. ಸಿನಿಮಾದಲ್ಲಿ ದೆವ್ವ ತೃಪ್ತಿಯಾದರೆ ಹೊಗೆಯಾಗಿ ಸುಮ್ಮನೆ ಕರಗಿಹೋಗುತ್ತದೆ. ಅಕ್ಕಂದಿರ ವಿಷಯ ಹಾಗಲ್ಲ, ಅವರು ತೃಪ್ತಿಯಾದ ಮೇಲೆ ಮಾತು ಶುರು ಮಾಡುತ್ತಾರೆ. ಗೌರಕ್ಕ ನನ್ನ ತಪ್ಪುಗಳನ್ನು ಹೆಂಡತಿಯ ಎದುರಿಗೇ ಮೊದಲಿನಿಂದ ಹೇಳತೊಡಗಿದಳು. ನಾನು ಹುಟ್ಟುವಾಗಲೇ ಅವ್ವನಿಗೆ ಕೊಟ್ಟ ತ್ರಾಸು, ಬಗಲಲ್ಲಿದ್ದಾಗ ಕಚ್ಚಿದ್ದು, ಶಾಲೆಗೆ ಒಯ್ಯುವ ಅವಳ ಪಾಟಿ ಒಡೆದದ್ದು. ನಾನು ನಡುವೆ ಬಾಯಿ ಹಾಕದೆ ಎದುರಿಗೆ ಕುಳಿತು ಕೇಳಿದೆ. ನಾಲ್ಕರ ಬಸ್ಸು ಹೋಯಿತು. ಐದೂವರೆಯದೂ ಹೋಯಿತು. ಕಥೆಯಲ್ಲಿ ನಾನಿನ್ನೂ ಮೂರನೇ ಇಯತ್ತೆಯಲ್ಲಿದ್ದೆ, ನನ್ನ ಮದುವೆ ಬಹಳ ದೂರವಿತ್ತು. ಅವ್ವ ಎದ್ದು ಅಕ್ಕನಿಗೆ ಹಾಸಿಗೆ ಹಾಸಿದಳು.