ಫೋಟೋದಲ್ಲಿ ಅಮ್ಮ, ನೋಟಿಸಿನಲ್ಲಿ ಅಪ್ಪ

ನಮ್ಮ ಮನೆಯಲ್ಲಿ ಗಾಡಿ ಓಡಿಸಲು ಬರುತ್ತಿದ್ದದ್ದು ಅಮ್ಮನಿಗೆ ಮಾತ್ರ. ಆದರೆ ಗಾಡಿ ಇದ್ದದ್ದು ಅಪ್ಪನ ಹೆಸರಿನಲ್ಲಿ. ಆಗಿನ ಎನ್.ಆರ್. ಕಾಲೋನಿಯಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಫೋನು, ಗ್ಯಾಸು, ಕರೆಂಟು ಎಲ್ಲವೂ ಯಜಮಾನರ ಹೆಸರಿನಲ್ಲಿರುವಾಗ ಸ್ಕೂಟರ್ ಏನು ಮಹಾ? ಅಪ್ಪನಿಗೋ ಸೈಕಲ್ ಕೂಡ ಬಾರದು. ಚಾಮರಾಜಪೇಟೆಯಲ್ಲಿದ್ದ ತಮ್ಮ ಬಟ್ಟೆ ಅಂಗಡಿಗೆ ಸಿಟಿ ಬಸ್ಸಿನಲ್ಲೇ ಹೋಗಿ ಸಿಟಿ ಬಸ್ಸಿನಲ್ಲೇ ಬರುತ್ತಿದ್ದರು.

ಅಮ್ಮ ಗಾಡಿ ಕಲಿತದ್ದು ನಾನು ಕಾಲೇಜಿಗೆ ಸೇರಿದ ವರ್ಷ. ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹತ್ತಿರದ ಮೈದಾನದಲ್ಲಿ ಎರಡು ಸಲ ಬಿದ್ದು, ಹಟ ಹಿಡಿದು ಕಲಿತು, ಲೈಸೆನ್ಸೂ ಮಾಡಿಸಿಕೊಂಡರು. ಅಪ್ಪನಿಗೆ ಒಳಗೊಳಗೇ ಪುಕುಪುಕು. ಗೇರಿಲ್ಲದ ಸ್ಕೂಟರ್ ಮನೆಗೆ ಬಂದ ದಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಕೀ ಕೊಡುವ ಮುಂಚೆ ಒಂದು ಷರತ್ತು ಹಾಕಿದರು. “ನೋಡೇ, ಒಂದೇ ಒಂದು ಕಂಪ್ಲೇಂಟ್ ಬಂದ್ರೂ ಕೀ ವಾಪಸ್ ನನ್ನ ಕೈಗೆ.”

ಅಮ್ಮ ತಲೆಯಾಡಿಸಿ ಕೀ ಕಿತ್ತುಕೊಂಡರು. ಅಲ್ಲಿಂದಾಚೆ ಅವರನ್ನು ಹಿಡಿಯುವವರೇ ಇಲ್ಲ. ಮಲ್ಲೇಶ್ವರದ ದೊಡ್ಡಮ್ಮನ ಮನೆ, ಗಾಂಧಿ ಬಜಾರಿನ ಹೂವು, ಸಂಜೆಯ ಸಂಗೀತ ಕಛೇರಿ, ಎಲ್ಲಕ್ಕೂ ತಾವೇ ಹೊರಟರು. ಅದುವರೆಗೆ “ಯಾರಾದ್ರೂ ಬಿಡ್ತಾರಾ?” ಎಂದು ನಮ್ಮ ಮುಖ ನೋಡಬೇಕಿತ್ತಲ್ಲ, ಆ ಕಾಟ ತಪ್ಪಿತು. ಅಮ್ಮ ನಗುವುದು ಜಾಸ್ತಿಯಾಗಿತ್ತು, ನನಗೆ ಚೆನ್ನಾಗಿ ನೆನಪಿದೆ. ಅಪ್ಪನಿಗೂ ಲಾಭವೇ ಆಯಿತು ಅನ್ನಿ. ಬೆಳಗಿನ ಡಬ್ಬಿಯ ತಣ್ಣನೆ ಅನ್ನ ಹೋಗಿ, ಮಧ್ಯಾಹ್ನ ಅಂಗಡಿಗೆ ಹೊಗೆಯಾಡುವ ಸಾರು ಬರತೊಡಗಿತು. ಒಂದು ತಿಂಗಳಲ್ಲಿ ಅವರ ನಾಲಿಗೆ ಎಷ್ಟು ಕೆಟ್ಟಿತೆಂದರೆ, ಸಾರು ಉಗುರುಬೆಚ್ಚಗಿದ್ದರೂ ಮುಖ ಸಿಂಡರಿಸುತ್ತಿದ್ದರು.

ಒಂದು ದಿನ ಅಪ್ಪನ ಹೆಸರಿಗೆ ಒಂದು ಸರ್ಕಾರಿ ಕವರ್ ಬಂತು. ಅವರ ಹೆಸರಿನ ಟಪಾಲನ್ನು ಅಮ್ಮ ಒಡೆಯುತ್ತಿರಲಿಲ್ಲ. ಜೋಪಾನವಾಗಿ ಟಿವಿ ಮೇಲಿಟ್ಟು, ಹಾರದಿರಲಿ ಎಂದು ರಿಮೋಟನ್ನೂ ಹೇರಿದರು. ಸಂಜೆ ಅಪ್ಪ ಕಾಫಿ ಕುಡಿಯುತ್ತಾ ಓದಿ ಗಹಗಹಿಸಿ ನಕ್ಕರು. ಬಸವನಗುಡಿಯ ಒಂದು ಶಾಲೆಯ ಮುಂದೆ ತಾವು ಅತಿವೇಗವಾಗಿ ಸ್ಕೂಟರ್ ಓಡಿಸಿದ್ದಾಗಿ ಟ್ರಾಫಿಕ್ ಪೊಲೀಸರು ನೋಟಿಸು ಕಳಿಸಿದ್ದಾರಂತೆ! ಅಲ್ಲಿನ ಬೋರ್ಡು ಹೇಳುವುದು ಮೂವತ್ತು, ಇವರು ಹೋದದ್ದು ನಲವತ್ತೆಂಟು. ಯಾವನೋ ನಮ್ಮ ನಂಬರು ಹಾಕಿಕೊಂಡು ಓಡಾಡುತ್ತಿದ್ದಾನೆ, ಬಿಡುವುದಿಲ್ಲ ಎಂದು ಕೂಗಾಡುತ್ತಲೇ ಹಾಳೆ ತಿರುಗಿಸಿದರು. ಹಿಂದೆ ಫೋಟೋ ಇತ್ತು.

ಹೆಲ್ಮೆಟ್ ಕಡ್ಡಾಯವಾಗುವ ಮುಂಚಿನ ಕಾಲ. ಬೆನ್ನ ಹಿಂದಿನಿಂದ ತೆಗೆದ ಫೋಟೋ. ನಂಬರ್ ಪ್ಲೇಟು, ಹಸಿರು ಸೀರೆ, ಗಾಳಿಗೆ ಪಕ್ಕಕ್ಕೆ ಹಾರಿದ ಉದ್ದ ಜಡೆ, ಪಕ್ಕದ ಕೊಕ್ಕೆಯಲ್ಲಿ ನೇತಾಡುತ್ತಿದ್ದ ಅಪ್ಪನದೇ ಊಟದ ಕ್ಯಾರಿಯರ್. ಅಮ್ಮ ಬಗ್ಗಿ ನೋಡಿ, “ಸೀರೆ ಚೆನ್ನಾಗಿ ಕಾಣ್ತಿದೆ, ಅಲ್ವಾ?” ಅಂದರು. ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ನಗಲಿಲ್ಲ. ಅಮ್ಮ ಎದ್ದು ಹೋಗಿ, ಕೀ ತಂದು, ಕಾಫಿ ಲೋಟದ ಪಕ್ಕ ಟಣ್ ಎಂದು ಇಟ್ಟರು.

ಆ ವಾರ ಮನೆ ಮಂಕಾಗಿತ್ತು. ಅಪ್ಪ ಬೆಳಗ್ಗೆಯೇ ಡಬ್ಬಿ ಹಿಡಿದು ಬಸ್ಸಿಗೆ ಓಡುತ್ತಿದ್ದರು. ಅಮ್ಮ ಸಂಗೀತ ಕಛೇರಿಗೂ ಹೋಗಲಿಲ್ಲ, ದೊಡ್ಡಮ್ಮನ ಮನೆಗೂ ಹೋಗಲಿಲ್ಲ. ನಾನು ಜೊತೆಗೆ ಬರುತ್ತೇನೆ, ಆಟೋದಲ್ಲಿ ಹೋಗೋಣ ಎಂದರೂ ಬೇಡವೆಂದರು. ನನಗೆ ಅಪ್ಪನ ಮೇಲೆ ಸಿಟ್ಟು ಕುದಿಯುತ್ತಿತ್ತು. ಬಿಸಿ ಸಾರು ಬೇಕು ಅಂದವರು ಯಾರು ಸ್ವಾಮಿ?

ಭಾನುವಾರ ಅಂಗಡಿಗೆ ರಜಾ. ಬಸವನಗುಡಿಯ ಟ್ರಾಫಿಕ್ ಠಾಣೆಗೆ ಮೂವರೂ ಹೊರಟೆವು. ಗಾಡಿಯನ್ನೂ ತರಬೇಕೆಂದು ನೋಟಿಸಿನಲ್ಲಿತ್ತು, ಹಾಗಾಗಿ ನಾನೂ ಅಪ್ಪನೂ ಬಸ್ಸಿನಲ್ಲಿ, ಅಮ್ಮ ಸ್ಕೂಟರಿನಲ್ಲಿ. ಅದಕ್ಕಾಗಿ ಅಪ್ಪ ಕೀ ಕೊಟ್ಟಿದ್ದರು, ಅಲ್ಲಿ ತಲುಪಿದ ಕೂಡಲೇ ವಾಪಸ್ ಇಸ್ಕೊಂಡು ಜೇಬಿಗೆ ಹಾಕಿಕೊಂಡರು. ಮೇಜಿನ ಹಿಂದೆ ಕುಳಿತಿದ್ದ ಸಬ್ ಇನ್ಸ್‌ಪೆಕ್ಟರು ಅಮ್ಮನಿಗಿಂತ ಚಿಕ್ಕವರು. ಓಡಿಸಿದ್ದು ಯಾರು ಎಂದು ಕೇಳಿದರು. ಗಂಡಸಿರುವಾಗ ಹೆಂಗಸಿನ ಹೆಸರು ಪೊಲೀಸ್ ಠಾಣೆಯಲ್ಲಿ ಬರೆಸುವುದುಂಟೆ? ಅಪ್ಪ ಗಂಟಲು ಸರಿಮಾಡಿಕೊಂಡು, “ನಾನೇ ಓಡಿಸ್ತಿದ್ದೆ ಸರ್,” ಅಂದುಬಿಟ್ಟರು.

ಸಬ್ ಇನ್ಸ್‌ಪೆಕ್ಟರು ಫೋಟೋ ನೋಡಿದರು. ಅಪ್ಪನ ಬೋಳು ತಲೆ ನೋಡಿದರು.

“ಜಡೆ ಚೆನ್ನಾಗಿದೆ ಯಜಮಾನ್ರೇ ನಿಮ್ದು. ಲೈಸೆನ್ಸ್ ಕೊಡಿ.”

ಲೈಸೆನ್ಸ್ ಎಲ್ಲಿಂದ ಬರಬೇಕು! ಇಲ್ಲದೆ ಓಡಿಸಿದ್ದರೆ ಅದು ಬೇರೆಯೇ ಕೇಸು ಎಂದು ಅವರು ಹೇಳುವಷ್ಟರಲ್ಲಿ ಅಮ್ಮ ವ್ಯಾನಿಟಿ ಬ್ಯಾಗಿನಿಂದ ತಮ್ಮ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟರು. “ಓಡಿಸಿದ್ದು ನಾನು. ನನ್ನ ಹೆಸರೇ ಬರ್ಕೊಳ್ಳಿ.”

ಆಮೇಲೆ ಆತ ಸಮಾಧಾನವಾಗಿ ತಿಳಿಸಿ ಹೇಳಿದರು. ಕ್ಯಾಮೆರಾಗೆ ಮನುಷ್ಯರ ಗುರುತು ಸಿಗದು, ನಂಬರ್ ಒಂದೇ ಗೊತ್ತು. ನಂಬರ್ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ ನೋಟಿಸು. ಓಡಿಸಿದವರು ಬೇರೆಯಾಗಿದ್ದರೆ ಬಂದು ಹೇಳಬೇಕು, ತಪ್ಪೇ ಮಾಡಿಲ್ಲ ಎನ್ನುವುದಾದರೆ ಕೋರ್ಟಿಗೆ ಹೋಗಬಹುದು. ಕ್ಯಾಮೆರಾ ಇರುವ ಪೊಲೀಸ್ ಜೀಪನ್ನು ಶಾಲೆ ಪಕ್ಕದ ಹೊಂಗೆ ಮರದ ಕೆಳಗೆ ನಿಲ್ಲಿಸುವುದು ಮಕ್ಕಳನ್ನು ಬಿಡುವ ಹೊತ್ತಿಗೇ. ಅಮ್ಮನಿಗೆ ಅಲ್ಲೇ ತಕರಾರು. ಮಧ್ಯಾಹ್ನ ಬೆಲ್ ಹೊಡೆದರೆ ಚಿಕ್ಕ ಮಕ್ಕಳೆಲ್ಲ ರಸ್ತೆಗೆ ಬರುತ್ತಾರೆ, ಅವರಿಗೆ ಅಪಾಯವಾಗಬಾರದೆಂದೇ ಬೆಲ್ ಹೊಡೆಯುವ ಮುಂಚೆ ಜೋರಾಗಿ ದಾಟಿಬಿಡುತ್ತೇನೆ, ಇದು ತಪ್ಪಾ ಎಂದು ವಾದಕ್ಕೆ ನಿಂತರು. ನಾನೂ ಅಪ್ಪನೂ ತಲೆಯಾಡಿಸಿದೆವು. ನಮಗೂ ಅದು ಸರಿಯೆಂದೇ ಕಂಡಿತ್ತು.

“ಅಮ್ಮಾ, ಬೆಲ್‌ಗೆ ಮುಂಚೆ ಓಡಿ ಬರೋ ಮಕ್ಳೂ ಇರ್ತಾರೆ,” ಅಂದರು ಆತ. “ನಮ್ಮನೇಲೇ ಒಂದಿದೆ.”

ಅಮ್ಮ ವ್ಯಾನಿಟಿ ಬ್ಯಾಗಿನಿಂದ ದುಡ್ಡು ತೆಗೆದರು. ದಂಡ ಕಟ್ಟಿ ರಸೀದಿ ಇಸ್ಕೊಂಡರು. ಹೊರಗೆ ಬಂದ ಮೇಲೆ ಅವರ ಕಣ್ಣು ತುಂಬಿದ್ದು ನೋಡಿ ನನಗೆ ಸಂಕಟವಾಯಿತು. ಅಪ್ಪನಿಗೆ ಇನ್ನೂ ಹೆಚ್ಚು ಆಗಿರಬೇಕು. ಜೇಬಿನಿಂದ ಕೀ ತೆಗೆದು ಹೆಂಡತಿಯ ಅಂಗೈಯಲ್ಲಿಟ್ಟರು.

“ಸಾರು ಆರಿದ್ರೂ ಪರ್ವಾಗಿಲ್ಲ, ನಿಧಾನಕ್ಕೆ ಬಾ. ಈ ಗಾಡೀನೂ ನಿನ್ನ ಹೆಸ್ರಿಗೇ ಮಾಡಿಸ್ತೀನಿ.”

ಅಷ್ಟಕ್ಕೇ ನಿಲ್ಲಲಿಲ್ಲ. ಅಷ್ಟು ದಿನ ಹೆಂಡತಿಯ ಹಿಂದೆ ಕೂತರೆ ನಾಲ್ಕು ಜನ ನಗುತ್ತಾರೆ ಎನ್ನುತ್ತಿದ್ದ ಮನುಷ್ಯ, ಅವತ್ತು ಪಂಚೆ ಮಡಿಸಿ ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು. ದಾರಿಯಲ್ಲಿ ಅದೇ ಶಾಲೆ. ಭಾನುವಾರವಾದ್ದರಿಂದ ಗೇಟಿಗೆ ಬೀಗ, ಹೊಂಗೆ ಮರದ ಕೆಳಗೆ ಒಂದು ನಾಯಿ ಮಲಗಿತ್ತು. ಅಮ್ಮ ಎಷ್ಟು ನಿಧಾನ ಮಾಡಿದರೆಂದರೆ, ಪಕ್ಕದಲ್ಲಿ ನಡೆಯುತ್ತಿದ್ದ ನನಗೆ ಅವರ ಮಾತು ಸಲೀಸಾಗಿ ಕೇಳುತ್ತಿತ್ತು. ಸೈಕಲ್ಲುಗಳು ನಮ್ಮನ್ನು ದಾಟಿ ಹೋಗುತ್ತಿದ್ದವು.

“ಇವತ್ತು ಸ್ಕೂಲಿಗೆ ರಜಾ ಕಣೇ, ಸ್ವಲ್ಪ ಬೇಗ ಹೋಗು,” ಅಂದರು ಅಪ್ಪ, ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡು.

ಅಮ್ಮ ಗೇಟಿನಿಂದ ಕಣ್ಣು ಕೀಳಲಿಲ್ಲ. “ಸುಮ್ನೆ ಕೂತ್ಕೊಳ್ರೀ. ಆ ಮಗು ಬಂದ್ಬಿಟ್ರೆ?”