ಹೃಷಿಕೇಶನ ಸಡಿಲ ಬಿರಡೆ

ನಾಸಿಕದ ಹತ್ತಿರ ಓಝರ್‌ನಲ್ಲಿದ್ದ, ಕನ್ನಡಿಗರೇ ಹೆಚ್ಚಿದ್ದ ನಮ್ಮ ಆರ್ಕೆಸ್ಟ್ರಾದಲ್ಲಿ ನಾನು ಢೋಲಕ್ ಬಾರಿಸುತ್ತಿದ್ದೆ, ಹೃಷಿಕೇಶ ಬೇಸ್ ಗಿಟಾರ್ ನುಡಿಸುತ್ತಿದ್ದ. ನುಡಿಸುತ್ತಿದ್ದ ಎಂದೇ ಆರು ವರ್ಷ ನಾವೆಲ್ಲ ನಂಬಿದ್ದೆವು. ಅವನಪ್ಪ ವಿಮಾನ ಕಾರ್ಖಾನೆಯ ಎಂಜಿನಿಯರ್. ಮಗನಿಗೆ ಮೂವತ್ತು ದಾಟಿದರೂ ಕಪ್ಪು ಕನ್ನಡಕ, ಚರ್ಮದ ಜಾಕೀಟು ಮತ್ತು ಜಪಾನಿನ ಆ ಗಿಟಾರ್ ಬಿಟ್ಟರೆ ಬೇರೆ ಸಂಪಾದನೆ ಇರಲಿಲ್ಲ.

ಗಿಟಾರಿನ ನಾಲ್ಕು ಬಿರಡೆಗಳೂ ಸಡಿಲ. ಎರಡು ಹಾಡು ಮುಗಿಯುವುದರೊಳಗೆ ದಪ್ಪ ತಂತಿ ಶ್ರುತಿ ಬಿಟ್ಟು ಕೆಳಗಿಳಿಯುತ್ತಿತ್ತು. ಆಗ ಅವನು ಬಿರಡೆ ತಿರುವಿ, ತಲೆ ಅಲ್ಲಾಡಿಸಿ, ಜನರತ್ತ ನೋಡಿ ನಿಟ್ಟುಸಿರು ಬಿಡುವನು. ದೊಡ್ಡ ಕಲಾವಿದನಿಗೆ ಎಂಥ ಕಷ್ಟ ಎಂದು ಜನ ಮರುಗುವರು.

೨೦೦೮ರಲ್ಲಿ ಲಾಸಲಗಾಂವದ ಒಂದು ಕಾರ್ಯಕ್ರಮದಲ್ಲಿ ಆ ತಂತಿಯಿಂದಾಗಿ ಹಂಸಾ ಹಾಡನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅವಳು ನಮ್ಮ ಮುಖ್ಯ ಗಾಯಕಿ, ಆರ್ಕೆಸ್ಟ್ರಾದ ಒಡತಿಯೂ ಹೌದು. ಮರುದಿನವೇ ಅವನನ್ನೂ ಗಿಟಾರನ್ನೂ ಗೊಲ್ಲಾಳಪ್ಪನವರ ಮನೆಗೆ ಅಟ್ಟಿದಳು. ಜೊತೆಗೆ ನನ್ನನ್ನೂ.

ಗೊಲ್ಲಾಳಪ್ಪ ಸಿಂದಗಿ ಕಡೆಯವರು, ಅದೇ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ಒಂದು ಬಿರಡೆ ಹಿಡಿದು ಅಲುಗಿಸಿದರು. ಅದು ಹಾಲುಹಲ್ಲಿನಂತೆ ಅಲುಗಿತು.

“ಇದು ಎಷ್ಟ ವರ್ಷದಿಂದ ಹಿಂಗೈತಿ?”

“ಆರು ವರ್ಷ ಆತು ಕಾಕಾ. ಜಪಾನಿ ಮಾಲ್ ಆಹೆ ನಾ, ಇಲ್ಲೆ ಕೋಣಾಲಾಚ್, ಯಾರಿಗೂ ತಿಳಿಯಾಂಗಿಲ್ಲ.”

“ಜಪಾನದಾಗ ಸ್ಕ್ರೂ ಬ್ಯಾರೆ ಕಡೆ ತಿರಗತಾವೇನು?”

ಹೃಷಿಕೇಶ ಕನ್ನಡಕ ಸರಿಪಡಿಸಿಕೊಂಡ. ಗೊಲ್ಲಾಳಪ್ಪ ಹಿಂದಿನ ಸ್ಕ್ರೂಗಳನ್ನು ಬಿಚ್ಚಿದರು. ಮರದ ತೂತುಗಳು ಅಗಲವಾಗಿದ್ದವು. ಬೆಂಕಿಕಡ್ಡಿಯ ಚೂರುಗಳನ್ನು ಅಂಟಿನಲ್ಲಿ ಅದ್ದಿ ತುಂಬಿದರು, ಒಣಗಲು ಬಿಟ್ಟು ಚಹಾ ತರಿಸಿದರು. ಆಮೇಲೆ ಸ್ಕ್ರೂ ಕೂರಿಸಿ, ಮುಂಭಾಗದ ನಟ್ಟುಗಳನ್ನು ಪಾನಾ ಎಂಬ ಸಣ್ಣ ಸ್ಪ್ಯಾನರಿನಿಂದ ಬಿಗಿದರು.

“ಇಷ್ಟ ನೋಡು. ಇದಕ್ಕ ಆರು ವರ್ಷ ಅತ್ತಿಯಲ್ಲೋ, ತಮ್ಮಾ.”

ಅವನು ಧನ್ಯವಾದ ಕೂಡ ಹೇಳಲಿಲ್ಲ. ಮುಖ ಕಪ್ಪಿಟ್ಟಿತ್ತು. ಅವಮಾನವಾಗಿದೆ ಎಂದುಕೊಂಡೆ. ಅದು ಭಯವೆಂದು ತಿಳಿದದ್ದು ಮುಂದಿನ ವಾರ, ಔರಂಗಾಬಾದಿನ ಒಂದು ಮದುವೆಯಲ್ಲಿ.

ಅಲ್ಲಿ ಬಿರಡೆಗಳು ಅಲುಗಲಿಲ್ಲ. ತಂತಿಗಳು ಶ್ರುತಿಯಲ್ಲೇ ಇದ್ದವು. ಹೃಷಿಕೇಶನ ಬೆರಳು ಮಾತ್ರ ಎಲ್ಲೆಲ್ಲೋ ಇತ್ತು. ಹಂಸಾ ಒಂದು ಸ್ವರದಲ್ಲಿ, ಇವನು ಇನ್ನೊಂದರಲ್ಲಿ. ನನ್ನ ತಾಳ ಒಂದು ಕಡೆ, ಇವನ ಹೆಜ್ಜೆ ಮತ್ತೊಂದು ಕಡೆ. ಅಭ್ಯಾಸದಂತೆ ಬಿರಡೆ ಹಿಡಿದ, ಜನರತ್ತ ನೋಡಿದ. ಈ ಸಲ ಯಾರೂ ಮರುಗಲಿಲ್ಲ. ವರನ ಸೋದರಮಾವ ಎದ್ದು ಬಂದು ಧ್ವನಿವರ್ಧಕದವನಿಗೆ, ಆ ಗುಂಯ್‌ಗುಡುವುದನ್ನು ಬಂದ್ ಮಾಡು ಎಂದು ಮರಾಠಿಯಲ್ಲಿ ಹೇಳಿದ.

ಊಟದ ಬಿಡುವಿನಲ್ಲಿ ವೇದಿಕೆಯ ಹಿಂದೆ ಹೋದೆ. ಅವನು ಮೊಣಕಾಲೂರಿ ಕೂತು, ಎಲ್ಲಿಂದಲೋ ತಂದ ಪಾನಾದಿಂದ ನಟ್ಟು ತಿರುಗಿಸುತ್ತಿದ್ದ.

“ಏನ್ ಮಾಡಾಕತ್ತಿ?”

“ಟೈಟ್ ಮಾಡಾಕತ್ತೀನಿ.”

ಅವನು ಬಿಚ್ಚುತ್ತಿದ್ದ. ಬಿಗಿಯುವುದು ಯಾವ ಕಡೆ, ಬಿಚ್ಚುವುದು ಯಾವ ಕಡೆ ಎಂದು ತಿಳಿಯಲು ಫಿಟ್ಟರ್ ಆಗಬೇಕಿಲ್ಲ. ನನ್ನ ಬೆನ್ನ ಹಿಂದೆಯೇ ಬಂದ ಹಂಸಾ ಕೂಡ ಅದನ್ನು ನೋಡಿದಳು. ಕೂಗಾಡಲಿಲ್ಲ.

“ಹೃಷಿ, ಜಾಕೀಟು ತಗದು ಊಟಕ್ಕ ಹೋಗು. ಆಮ್ಯಾಲೆ ಸ್ಟೇಜ್ ಮ್ಯಾಲೆ ಬರಬ್ಯಾಡ.”

ಉಳಿದ ಹಾಡುಗಳಿಗೆ ಕೀಬೋರ್ಡಿನ ಪ್ರಣವ್ ಎಡಗೈಯಲ್ಲೇ ಬೇಸ್ ನುಡಿಸಿದ. ನಮ್ಮ ಹಾಡು ಹಿಂದೆಂದೂ ಅಷ್ಟು ಚೆನ್ನಾಗಿ ಕೇಳಿಸಿರಲಿಲ್ಲ.

ಹೃಷಿಕೇಶ ಮತ್ತೆ ನಮ್ಮ ಜೊತೆ ಬರಲಿಲ್ಲ. ಜಪಾನಿ ಗಿಟಾರನ್ನು ಹಳ್ಳಿಯ ಫಿಟ್ಟರ್ ಒಬ್ಬ ಕೆಡಿಸಿಬಿಟ್ಟ ಎಂದು ಓಝರ್ ತುಂಬ ಹೇಳಿಕೊಂಡು ತಿರುಗಿದ. ಕೆಲವರು ನಂಬಿದರು. ಗೊಲ್ಲಾಳಪ್ಪನವರಿಗೆ ಈ ಮಾತು ಮುಟ್ಟಿಸಿದಾಗ ಅವರು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು, ಪೆಡಲ್ ತಿರುವಿ ಇನ್ನೆರಡು ಹನಿ ಬಿಟ್ಟರು.

ಈಗ ಅವನು ನಾಸಿಕದಲ್ಲಿ ಗಿಟಾರ್ ಕ್ಲಾಸು ನಡೆಸುತ್ತಾನೆ. ಮೊದಲ ತಿಂಗಳು ಪೂರ್ತಿ ವೇದಿಕೆಯ ಮೇಲೆ ಹೇಗೆ ನಿಲ್ಲಬೇಕೆಂದು ಕಲಿಸುತ್ತಾನಂತೆ.